ಭಾನುವಾರ ಹಾಡು-ಹಾಸ್ಯ ನಾಟಕದ ಆಡಿಷನ್ ಇದೆ, ಯಾವ ಹಾಡು ಹಾಡಲಿ?

ಮಲ್ಲೇಶ್ವರದವಳು
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಒಂದು ಹವ್ಯಾಸಿ ತಂಡ ಹಾಡುಗಳು ಜಾಸ್ತಿ ಇರುವ ಹಾಸ್ಯ ನಾಟಕ ಮಾಡುತ್ತಿದೆ. ಭಾನುವಾರ ಬೆಳಿಗ್ಗೆ 10ಕ್ಕೆ ಆಡಿಷನ್. ವಾಟ್ಸಾಪ್‌ನಲ್ಲಿ ಬಂದ ಪ್ರಕಟಣೆಯಲ್ಲಿ ಇರುವುದು ಇಷ್ಟೇ: 2 ನಿಮಿಷದ ಒಂದು ಹಾಡು, ಒಂದು ಸಣ್ಣ ಹಾಸ್ಯದ ಮಾತು, ಅಲ್ಲೇ ಕೊಡುವ ದೃಶ್ಯದ ಓದು, ಆಮೇಲೆ ಸ್ವಲ್ಪ ಹೆಜ್ಜೆ. ಅನುಭವ ಬೇಕಿಲ್ಲ ಎಂದೂ ಬರೆದಿದ್ದಾರೆ.

ನನಗೆ 36 ವರ್ಷ, ಬ್ಯಾಂಕಿನಲ್ಲಿ ಕೆಲಸ. ಚಿಕ್ಕವಳಿದ್ದಾಗ 7 ವರ್ಷ ಕರ್ನಾಟಕ ಸಂಗೀತ ಕಲಿತೆ, ಜೂನಿಯರ್ ಪರೀಕ್ಷೆ ಪಾಸು ಮಾಡಿದೆ, ಅಲ್ಲಿಗೆ ನಿಂತಿತು. ಕಾಲೇಜಿನಲ್ಲಿ ಒಂದು ನಾಟಕದಲ್ಲಿ ಸೇವಕಿ ಆಗಿದ್ದೆ. ಮಗಳಿಗೆ ಈಗ 9 ವರ್ಷ, ಸಂಜೆ ಸ್ವಲ್ಪ ಬಿಡುವು ಸಿಗುತ್ತಿದೆ. ಇಷ್ಟು ವರ್ಷ ನಾಟಕ ನೋಡಿಕೊಂಡು ಬಂದವಳಿಗೆ ಈ ಸಲ ವೇದಿಕೆ ಮೇಲೆ ನಿಲ್ಲಲೇಬೇಕು ಅನಿಸಿದೆ.

ನನ್ನ ಪ್ರಶ್ನೆಗಳು. ಹಾಸ್ಯ ನಾಟಕಕ್ಕೆ ಕೀರ್ತನೆ ಹಾಡಿದರೆ ಆಗುತ್ತದಾ? ಕರೋಕೆ ತೆಗೆದುಕೊಂಡು ಹೋಗಬಹುದಾ? ಹಾಸ್ಯದ ಮಾತು ಎಲ್ಲಿಂದ ತರಲಿ? ಐದು ದಿನ ಇದೆ. ದಯವಿಟ್ಟು ಗೊತ್ತಿರುವವರು ಹೇಳಿ.

ಹನುಮಂತನಗರ ಹುಡುಗ
ಸಿನಿಮಾ ಹಾಡು ಹಾಡಿ ಅಕ್ಕ. ಎಲ್ಲರಿಗೂ ಗೊತ್ತಿರುತ್ತದೆ, ತಲೆ ಆಡಿಸುತ್ತಾರೆ, ಮುಗಿಯಿತು.

ಸಂಜೆ ಏಳೂವರೆ
ಸಿನಿಮಾ ಹಾಡು ಬೇಡ. ನೀವು ಬಾಯಿ ತೆರೆದ ಕೂಡಲೇ ಕೇಳುವವರ ಕಿವಿಯಲ್ಲಿ ಮೂಲ ಗಾಯಕಿಯ ದನಿ ಓಡಲು ಶುರುವಾಗುತ್ತದೆ. ಆಮೇಲೆ ನೀವು ಎಷ್ಟು ಚೆನ್ನಾಗಿ ಹಾಡಿದರೂ ಹೋಲಿಕೆ ತಪ್ಪುವುದಿಲ್ಲ.

ನನ್ನ ಮೊದಲ ಆಡಿಷನ್ ಹೇಳುತ್ತೇನೆ. ನಾನೂ ಸಂಗೀತ ಕಲಿತವಳು. ಒಂದು ದೇವರನಾಮವನ್ನು ಎರಡು ವಾರ ತಿದ್ದಿ ತೀಡಿ ತೆಗೆದುಕೊಂಡು ಹೋದೆ. ಶ್ರುತಿ ಎಲ್ಲೂ ಜಾರಲಿಲ್ಲ, ತಾಳ ತಪ್ಪಲಿಲ್ಲ. ನಿರ್ದೇಶಕರು ಪೂರ್ತಿ ಕೇಳಿದರು. "ಚೆನ್ನಾಗಿದೆ. ಈಗ ಇದನ್ನೇ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುತ್ತಾ ಹಾಡಮ್ಮ" ಅಂದರು. ಒಬ್ಬ ಹುಡುಗ ಎದುರಿಗೆ ಚಕ್ಕಂಬಕ್ಕಲ ಹಾಕಿ ಕೂತು ಸೊಪ್ಪಿನವಳಾದ. ಮೊದಲ ಸಾಲು ನನ್ನ ಬಾಯಿಂದ ಬರಲೇ ಇಲ್ಲ. ಅವನು ಕಾಣದ ಮೆಂತ್ಯದ ಕಟ್ಟು ಎತ್ತಿ ನನ್ನ ಮುಖಕ್ಕೆ ಹಿಡಿದ. ನನಗೆ ರೇಗಿತು. ಆ ರೇಗಿನಲ್ಲೇ ಪಲ್ಲವಿ ಎತ್ತಿಕೊಂಡೆ ನೋಡಿ, ರಾಗ ಅಲ್ಲೇ ಇತ್ತು, ಆದರೆ ಪ್ರತಿ ಮಾತೂ ಅವನಿಗೆ ಹೋಗಿ ತಾಗಿತು. ಗಮಕ, ಅಂದರೆ ಸ್ವರ ತೂಗಿಸುವ ಕುಸುರಿ, ಅರ್ಧ ಉದುರಿತು. ಅವತ್ತು ನನಗೆ ಪಾತ್ರ ಸಿಕ್ಕಿದ್ದು ಆ ಎರಡನೇ ಹಾಡಿಗೆ.

ಹಾಗಾಗಿ ಯಾರಿಗಾದರೂ ಏನನ್ನಾದರೂ ಹೇಳುವ ಹಾಡು ಆರಿಸಿ. ಬೈಯುವುದೋ, ಬೇಡುವುದೋ, ಚಾಡಿ ಹೇಳುವುದೋ. ಸುಮ್ನೆ ಪ್ರಕೃತಿ ವರ್ಣನೆ ಮಾಡುವ ಹಾಡಿನಲ್ಲಿ ನಿಮ್ಮ ದನಿ ಮಾತ್ರ ಕಾಣುತ್ತದೆ.

ಪೇಟಿ ಮಾಸ್ತರ
ನೋಡ್ರಿ ಅಕ್ಕಾರೇ, ನಾನು ಧಾರವಾಡದ ಕಡೆಯವನು, ಈಗ ಬೆಂಗಳೂರಿನಲ್ಲಿ ಇಂಥ ಆಡಿಷನ್‌ಗಳಿಗೆ ಹಾರ್ಮೋನಿಯಂ ಹಿಡಿದು ಕೂರುವವನು. ಶ್ರುತಿ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮನೆ ಅಂದರೆ ಹಾರ್ಮೋನಿಯಂನಲ್ಲಿ ನಿಮ್ಮ ಸಾ ಎಲ್ಲಿ ಎಂದು ಹೇಳುವ ಕೀಲಿ, ಅಂಕಿ ಹೆಚ್ಚಾದಷ್ಟೂ ಶ್ರುತಿ ಮೇಲೆ, ½ ಅಂದರೆ ಅದರ ಮುಂದಿನ ಕಪ್ಪು ಕೀಲಿ. ಕರ್ನಾಟಕ ಸಂಗೀತ ಕಲಿತ ಹೆಣ್ಣುಮಕ್ಕಳು ಸಾಮಾನ್ಯವಾಗಿ 5 ಅಥವಾ 5½ ಮನೆಗೆ ಹಾಡುತ್ತಾರೆ. ಗಂಡಸರು 1 ಮನೆಯ ಆಸುಪಾಸು. ನಾಟಕದ ಮೇಳದಲ್ಲಿ ಇಬ್ಬರೂ ಒಟ್ಟಿಗೆ ಹಾಡಬೇಕು. 5ಕ್ಕೆ ಇಟ್ಟರೆ ಗಂಡಸರು ಮೇಲೆ ಹೋಗಿ ಕಿರುಚುತ್ತಾರೆ. 1ಕ್ಕೆ ಇಟ್ಟರೆ ಹೆಂಗಸರ ದನಿ ಕೆಳಗೆ ಕೇಳಿಸುವುದೇ ಇಲ್ಲ. ಹಾಗಾಗಿ 3, 4ರ ಹತ್ತಿರ ಏನಾದರೂ ಹೊಂದಿಸುತ್ತೇವೆ. ನಿಮಗೆ ಅಭ್ಯಾಸವಿಲ್ಲದ ಶ್ರುತಿಯಲ್ಲಿ ಹಾಡಲು ಹೇಳಿದರೆ ಗಾಬರಿ ಬೀಳಬೇಡಿ. ಈ ಐದು ದಿನ ಫೋನಿನಲ್ಲಿ ತಂಬೂರಿ ಆಪ್ ಹಾಕಿಕೊಂಡು ನಿಮ್ಮ ಹಾಡನ್ನು 3, 4, 5 ಮೂರರಲ್ಲೂ ಹಾಡಿ ನೋಡಿ. ದನಿ ಎಲ್ಲಿಂದ ಎಲ್ಲಿಗೆ ಸಲೀಸಾಗಿ ಓಡಾಡುತ್ತದೆ ಎಂದು ಗೊತ್ತಾಗುತ್ತದೆ.

ಒಳಗೆ ಬಂದ ಕೂಡಲೇ ಪೇಟಿಯವರಿಗೆ, ಅಂದರೆ ಹಾರ್ಮೋನಿಯಂನವರಿಗೆ, "ನನ್ನದು 5 ಮನೆ" ಎಂದು ಹೇಳಿ. ನಮ್ಮ ಕಡೆಯವರಾದರೆ ಬಿಳಿ 5 ಅನ್ನಿ, ಎರಡೂ ಒಂದೇ. ನಿಮ್ಮ 5½ ನಮ್ಮ ಕಪ್ಪು 4. ಗೊತ್ತಿಲ್ಲದಿದ್ದರೆ ಒಂದು ಸಾಲು ಹಾಡಿ, ನಾವು ಹುಡುಕಿ ಹಿಡಿಯುತ್ತೇವೆ, ಅದು ನಮ್ಮ ಕೆಲಸ.

ಕರೋಕೆ ಖಂಡಿತ ಬೇಡ. "ಸ್ವಲ್ಪ ನಿಧಾನ ಹಾಡಿ", "ಇಲ್ಲಿ ನಿಲ್ಲಿಸಿ ನಗಿ" ಎಂದು ನಿರ್ದೇಶಕರು ಹೇಳಿದಾಗ ನಾನು ನಿಲ್ಲುತ್ತೇನೆ. ಫೋನು ನಿಲ್ಲುವುದಿಲ್ಲ.

ಹೊಸಬ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ ಹಾಡಲು ಬರುವುದಿಲ್ಲ. ಸ್ವರ ಹಿಡಿಯಲು ಆಗುವುದಿಲ್ಲ ಎಂದು ಶಾಲೆಯಲ್ಲೇ ಪ್ರಾರ್ಥನೆ ಗುಂಪಿನಿಂದ ಬಿಟ್ಟಿದ್ದರು. ಆದರೆ ಹಾಸ್ಯ ಮಾಡುವುದು ತುಂಬಾ ಇಷ್ಟ. ನಾನೂ ಇಂಥ ಆಡಿಷನ್‌ಗೆ ಹೋಗಬಹುದಾ?

ಮೂರನೇ ಸಾಲು
ಹೋಗಿ, ಆದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ದೊಡ್ಡ ಪಾತ್ರಗಳೆಲ್ಲ ಮೊದಲೇ ಹಂಚಿಕೆ ಆಗಿರುತ್ತವೆ. ನಾನು ಎರಡು ವರ್ಷದ ಹಿಂದೆ ಒಂದು ತಂಡಕ್ಕೆ ಹೋಗಿದ್ದೆ. ಹೆಸರು ಹೇಳುವುದಿಲ್ಲ. ನಾಲ್ಕು ಗಂಟೆ ಕಾಯಿಸಿದರು. ಹಾಡು ಅರ್ಧಕ್ಕೆ ನಿಲ್ಲಿಸಿದರು. ಹೊರಗೆ ಬಂದರೆ ನಾಯಕನ ಪಾತ್ರದವನು ಅಳತೆ ಕೊಡುತ್ತಾ ನಿಂತಿದ್ದ, ಬಟ್ಟೆ ಹೊಲಿಯುವವರು ಬಂದಿದ್ದರು! ಹಾಗಿದ್ದ ಮೇಲೆ ಮೂವತ್ತು ಜನರನ್ನು ಯಾಕೆ ಕರೆಯಬೇಕು? ರಜೆ ಹಾಕಿ, ಬಸ್ಸು ಹಿಡಿದು ಬಂದವರಿಗೆ ಅದು ಅವಮಾನ.

ಪರದೆ ಹಿಂದೆ
@ಮೂರನೇ ಸಾಲು, ನಿಮಗೆ ಆದದ್ದು ತಪ್ಪು. ನಾಲ್ಕು ಗಂಟೆ ಕಾಯಿಸಿದ್ದಂತೂ ದೊಡ್ಡ ತಪ್ಪು. ನಾನು 14 ವರ್ಷದಿಂದ ಒಂದು ತಂಡದಲ್ಲಿ ಪಾತ್ರ ಹಂಚುವ ಕೆಲಸದಲ್ಲಿ ಜೊತೆಗೆ ಕೂರುತ್ತಿದ್ದೇನೆ, ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ. ಹವ್ಯಾಸಿ ತಂಡದಲ್ಲಿ ಯಾರಿಗೂ ಸಂಬಳವಿಲ್ಲ. ಎರಡು ತಿಂಗಳು, ವಾರಕ್ಕೆ ಐದು ಸಂಜೆ ತಾಲೀಮು. ಮುಖ್ಯ ಪಾತ್ರದವರು ಮಧ್ಯದಲ್ಲಿ ಕೈಕೊಟ್ಟರೆ ಸಭಾಂಗಣದ ಬಾಡಿಗೆ, ಬೆಳಕಿನವರ ಮುಂಗಡ ಎಲ್ಲ ಹೋಯಿತು. ಹಾಗಾಗಿ ಬಿಟ್ಟು ಹೋಗುವುದಿಲ್ಲ ಎಂದು ಗೊತ್ತಿರುವ ಒಬ್ಬರನ್ನೋ ಇಬ್ಬರನ್ನೋ ಮೊದಲೇ ಇಟ್ಟುಕೊಳ್ಳುವ ತಂಡಗಳಿವೆ. ಆದರೆ ಅದನ್ನು ಪ್ರಕಟಣೆಯಲ್ಲೇ ಬರೆಯಬೇಕು. "ಇಂತಿಂಥ ಪಾತ್ರಗಳು ಖಾಲಿ ಇವೆ" ಎಂದು. ನಾವು ಬರೆಯುತ್ತೇವೆ.

ಮಲ್ಲೇಶ್ವರದವಳು ಅವರೇ, ನೀವು ಪ್ರಕಟಣೆ ಬಂದ ನಂಬರಿಗೆ ಫೋನ್ ಮಾಡಿ "ಯಾವ ಪಾತ್ರಗಳು ಖಾಲಿ ಇವೆ, ತಾಲೀಮು ಯಾವ ದಿನ, ಎಷ್ಟು ಹೊತ್ತಿಗೆ ಬಿಡುತ್ತೀರಿ" ಎಂದು ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

@ಹೊಸಬ, ಖಂಡಿತ ಹೋಗಿ. ಸ್ವರ ಸಿಗದಿದ್ದರೂ ತಾಳ ಗೊತ್ತಿದ್ದರೆ ಸಾಕು. ಹಾಸ್ಯದ ಪಾತ್ರಕ್ಕೆ ಎಷ್ಟೋ ಸಲ ಮಾತಿನಲ್ಲೇ ಹೇಳುವ ಹಾಡು ಬರೆಯುತ್ತಾರೆ, ತಾಳದ ಮೇಲೆ ಮಾತು ಕೂರಿಸುವುದು ಅಷ್ಟೇ. ಆದರೆ ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ.

ಮೂರನೇ ಸಾಲು
ಬರೆಯುವ ತಂಡ ಎಷ್ಟಿವೆ ಹೇಳಿ? ನಾನು ನೋಡಿದ ಪ್ರಕಟಣೆಗಳಲ್ಲಿ ಎಲ್ಲದರಲ್ಲೂ "ಎಲ್ಲ ಪಾತ್ರಗಳಿಗೂ ಮುಕ್ತ ಅವಕಾಶ" ಎಂದೇ ಇತ್ತು.

ಪರದೆ ಹಿಂದೆ
ಅದು ಸರಿಯಲ್ಲ ಎಂದೇ ನಾನೂ ಹೇಳುತ್ತಿರುವುದು.

ಜರ್ಸಿ ಕನ್ನಡಿಗ
ನಾನು ಮೈಸೂರಿನವನು, ನ್ಯೂಜೆರ್ಸಿಯಲ್ಲಿ ಇದ್ದೇನೆ. ಇಲ್ಲಿ ಊರೂರಿಗೂ ಕಮ್ಯುನಿಟಿ ಥಿಯೇಟರ್ ಇದೆ, ವರ್ಷಕ್ಕೆ ಒಂದಾದರೂ ಮ್ಯೂಸಿಕಲ್ ಕಾಮಿಡಿ ಮಾಡುತ್ತಾರೆ. ಮೂರು ಸಲ ಆಡಿಷನ್ ಕೊಟ್ಟಿದ್ದೇನೆ, ಒಂದು ಸಲ ಸಿಕ್ಕಿತು. ಇಲ್ಲಿನ ಪದ್ಧತಿ ಹೇಳುತ್ತೇನೆ, ನಿಮಗೂ ಉಪಯೋಗ ಆಗಬಹುದು.

ಪೂರ್ತಿ ಹಾಡು ಕೇಳುವುದಿಲ್ಲ. 16 ಬಾರ್ ಅಥವಾ 32 ಬಾರ್ ಮಾತ್ರ. ಪಿಯಾನೋದವರು ಒಬ್ಬರು ಕೂತಿರುತ್ತಾರೆ, ಅವರಿಗೆ ಸ್ವರ ಬರೆದ ಹಾಳೆ ಕೊಡಬೇಕು. ಎಲ್ಲಿಂದ ಶುರು, ಎಲ್ಲಿ ಮುಗಿಯುತ್ತದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿರಬೇಕು. ವೇಗ ಎಷ್ಟು ಎಂದು ಮೆಲ್ಲಗೆ ಗುನುಗಿ ತೋರಿಸಬೇಕು. ಅವರ ಮುಖಕ್ಕೆ ಚಿಟಿಕೆ ಹೊಡೆದು ತೋರಿಸುವುದನ್ನು ತುಂಬಾ ಒರಟು ಎಂದು ತಿಳಿಯುತ್ತಾರೆ, ನನಗೆ ಮೊದಲ ಸಲ ಒಬ್ಬ ಹಿರಿಯರು ಪಕ್ಕಕ್ಕೆ ಕರೆದು ಹೇಳಿದರು. ಆಮೇಲೆ ಒಂದು ಫಾರಂ ಇರುತ್ತದೆ. "ಯಾವ ಯಾವ ದಿನ ತಾಲೀಮಿಗೆ ಬರಲು ಆಗುವುದಿಲ್ಲ" ಎಂದು ಅದರಲ್ಲಿ ಬರೆಯಬೇಕು. ಇದು ಬಹಳ ಮುಖ್ಯ. ಹಾಡು ಚೆನ್ನಾಗಿದ್ದು ಎಂಟು ದಿನ ಖಾಲಿ ಇಲ್ಲ ಎಂದು ಬರೆದವರಿಗಿಂತ, ಹಾಡು ಸುಮಾರಾಗಿದ್ದು ಎಲ್ಲ ದಿನ ಬರುತ್ತೇನೆ ಎಂದವರನ್ನು ತೆಗೆದುಕೊಂಡದ್ದನ್ನು ನೋಡಿದ್ದೇನೆ. ಮೊದಲ ಸುತ್ತಿನಲ್ಲಿ ಇಷ್ಟವಾದವರನ್ನು ಇನ್ನೊಂದು ದಿನ ಮತ್ತೆ ಕರೆಯುತ್ತಾರೆ, ಅದಕ್ಕೆ ಕಾಲ್‌ಬ್ಯಾಕ್ ಅನ್ನುತ್ತಾರೆ. ಕರೆಯಲಿಲ್ಲ ಅಂದರೆ ಪಾತ್ರ ಇಲ್ಲ ಎಂದೇ ಅರ್ಥವಲ್ಲ, ಮೊದಲ ಸುತ್ತಿನಲ್ಲೇ ಎಲ್ಲ ನೋಡಿಯಾಗಿದೆ ಎಂದೂ ಇರಬಹುದು.

ಹನುಮಂತನಗರ ಹುಡುಗ
16 ಬಾರ್ ಅಂದರೆ ನಮ್ಮ ಲೆಕ್ಕದಲ್ಲಿ ಎಷ್ಟು?

ಪೇಟಿ ಮಾಸ್ತರ
ಬಾರಿಗೆ 4 ಎಣಿಕೆ ಇದ್ದರೆ 16 ಬಾರ್ ಅಂದರೆ 64 ಎಣಿಕೆ. 8 ಎಣಿಕೆಯ ಆದಿತಾಳದಲ್ಲಿ 8 ಆವರ್ತ, ಅಂದರೆ ತಾಳದ 8 ಸುತ್ತು. ಸ್ವಲ್ಪ ಚುರುಕಾಗಿ ಹಾಡಿದರೆ ಅರ್ಧ ನಿಮಿಷ. ಪಲ್ಲವಿ ಹಾಡಿ, ಎರಡನೇ ಸಲ ಅದನ್ನೇ ಸ್ವಲ್ಪ ಬದಲಿಸಿ ಒಂದು ಸಂಗತಿ ಹಾಕಿ, ಅನುಪಲ್ಲವಿ ಮುಟ್ಟುವಷ್ಟರಲ್ಲಿ ಮುಗಿಯಿತು. ನಿಜ ಹೇಳಬೇಕೆಂದರೆ ನಮಗೂ ಅಷ್ಟೇ ಸಾಕು. ದನಿ, ಶ್ರುತಿ, ತಾಳ ಎಲ್ಲ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಅದಕ್ಕೇ ಹಾಡಿನಲ್ಲಿ ನಿಮಗೆ ಚೆನ್ನಾಗಿ ಬರುವ ಜಾಗ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ. ಚರಣದಲ್ಲಿದ್ದರೆ ಚರಣದಿಂದಲೇ.

ಹನುಮಂತನಗರ ಹುಡುಗ
ಎಷ್ಟಾದರೂ ಈ ಹಾಡುವ ನಾಟಕ ಇಂಗ್ಲಿಷಿನವರದು ಅಲ್ವಾ. ಅವರಿಗೆ ಪದ್ಧತಿ ಇದೆ. ನಮಗೆ ಹೊಸದು.

ಸಂಜೆ ಏಳೂವರೆ
ಹೊಸದಾ?! ತಮ್ಮಾ, ಕಂಪನಿ ನಾಟಕದ ಹೆಸರು ಕೇಳಿಲ್ಲವಾ ನೀನು?

ಪೇಟಿ ಮಾಸ್ತರ
ಈ ಮಾತಿಗೆ ನಾನು ಸುಮ್ಮನಿರುವುದಿಲ್ಲ. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಆಗ ಹಾಡಲು ಬಾರದವರಿಗೆ ದೊಡ್ಡ ಪಾತ್ರ ಸಿಗುತ್ತಿರಲಿಲ್ಲ. ಜನ "ವನ್ಸ್ ಮೋರ್" ಅಂದರೆ ಸತ್ತ ಪಾತ್ರವೂ ಎದ್ದು ಮತ್ತೆ ಹಾಡಬೇಕಿತ್ತು ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಗುಬ್ಬಿ ವೀರಣ್ಣನವರು ಹೆಸರು ಮಾಡಿದ್ದೇ ಹಾಸ್ಯದಲ್ಲಿ. ಸದಾರಮೆ ನಾಟಕದ ಕಳ್ಳನ ಪಾತ್ರಕ್ಕೆಂದೇ ಜನ ಬರುತ್ತಿದ್ದರು. ಡಾ. ರಾಜ್‌ಕುಮಾರ್, ನರಸಿಂಹರಾಜು ಇಬ್ಬರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ನಾಟಕ ನಿರ್ದೇಶಕ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಸೇರಿದ್ದೂ ಅದೇ ಕಂಪನಿಗೆ. ನಮ್ಮ ಬೆಳಗಾವಿ ಕಡೆ ರಂಗನಟ ಏಣಗಿ ಬಾಳಪ್ಪನವರು ನೂರು ದಾಟಿ ಬದುಕಿದರು, ಕೊನೆಯವರೆಗೂ ರಂಗಗೀತೆ ಅವರ ಬಾಯಲ್ಲಿತ್ತು. ಇಷ್ಟೆಲ್ಲ ಇರುವಾಗ ಹೊಸದು ಅನ್ನಬೇಡಿ.

ಹನುಮಂತನಗರ ಹುಡುಗ
ಸರಿ ಸರಿ, ಒಪ್ಪಿದೆ. ಗೊತ್ತಿರಲಿಲ್ಲ.

ಪರದೆ ಹಿಂದೆ
ಕಾರಂತರ ಹೆಸರು ಬಂತು, ಒಂದು ಮಾತು ಸೇರಿಸುತ್ತೇನೆ. ಬೆನಕ ತಂಡಕ್ಕೆ ಅವರು ಮಾಡಿಸಿದ ಸತ್ತವರ ನೆರಳು ನಾಟಕದಲ್ಲಿ ಮಠದ ಜಗಳವನ್ನು ತೋರಿಸಲು ಪುರಂದರದಾಸರ ಪದಗಳನ್ನೇ ಬಳಸಿದರು. ನಾವು ಮನೆಯಲ್ಲಿ ಕಣ್ಣು ಮುಚ್ಚಿ ಕೇಳುವ ಪದಗಳು ಅಲ್ಲಿ ಬಂದಾಗ ಜನ ನಗುತ್ತಾರೆ. ಪದ ಬದಲಾಗಿಲ್ಲ, ಯಾರು ಯಾವಾಗ ಯಾರಿಗೆ ಹಾಡುತ್ತಾರೆ ಎನ್ನುವುದು ಬದಲಾಗಿದೆ. ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ: ಕೀರ್ತನೆ ಹಾಡಿದರೆ ತಪ್ಪೇನಿಲ್ಲ. ಆದರೆ ಕಛೇರಿಯಲ್ಲಿ ಕೂತ ಹಾಗೆ ತೊಡೆ ತಟ್ಟಿಕೊಂಡು, ಕಣ್ಣು ಮುಚ್ಚಿಕೊಂಡು ಹಾಡಬೇಡಿ. ಎದ್ದು ನಿಲ್ಲಿ, ಕಣ್ಣು ತೆರೆಯಿರಿ.

ಸಕ್ಕರೆ ನಾಡು
ನಮ್ಮ ಮಂಡ್ಯ ಕಡೆ ಆಡಿಷನ್ ಗೀಡಿಷನ್ ಇಲ್ಲ. ಕುರುಕ್ಷೇತ್ರ ನಾಟಕ ಆಡಬೇಕು ಅಂದರೆ ಪಾತ್ರಕ್ಕೆ ಇಷ್ಟು ದುಡ್ಡು ಎಂದು ಗೊತ್ತು ಮಾಡುತ್ತಾರೆ. ದುರ್ಯೋಧನ ಬೇಕಾ, ಕೃಷ್ಣ ಬೇಕಾ, ದುಡ್ಡು ಕಟ್ಟಿ ಪಾತ್ರ ತಗೊಳ್ಳಿ. ಡ್ರಾಮಾ ಮಾಸ್ಟರ್ ಕಾಲು ಹಾರ್ಮೋನಿಯಂ ತುಳಿಯುತ್ತಾ ತಿಂಗಳುಗಟ್ಟಲೆ ಕಲಿಸುತ್ತಾರೆ. ಸೀನರಿ, ಡ್ರೆಸ್ಸು, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ, ಎಲ್ಲಾ ಆ ದುಡ್ಡಿನಲ್ಲೇ. ರಾತ್ರಿ ಶುರುವಾದರೆ ಬೆಳಗಾಗುವವರೆಗೂ ನಡೆಯುತ್ತದೆ.

ಮೂರನೇ ಸಾಲು
ಅಂದರೆ ದುಡ್ಡಿದ್ದವನೇ ದುರ್ಯೋಧನ. ಇದು ಇನ್ನೂ ಕೆಟ್ಟದ್ದಲ್ವಾ?

ಸಕ್ಕರೆ ನಾಡು
ಹೊರಗಿನಿಂದ ನೋಡಿದರೆ ಹಾಗೆ ಕಾಣುತ್ತದೆ ಸಾರ್. ನಮ್ಮಪ್ಪ ಬೇಸಾಯ ಮಾಡುವವರು. ಒಂದು ವರ್ಷ ಕಬ್ಬಿನ ದುಡ್ಡು ಬಂದಾಗ ಭೀಮನ ಪಾತ್ರ ಹಿಡಿದರು. ಮೂರು ತಿಂಗಳು ಗದ್ದೆಯಲ್ಲಿ ನೀರು ಕಟ್ಟುವಾಗಲೂ ಕಂದ ಪದ್ಯ ಹೇಳಿಕೊಳ್ಳುತ್ತಿದ್ದರು. ಓದು ಅಷ್ಟಕ್ಕಷ್ಟೆ, ನಾನು ಸಾಲು ಸಾಲಾಗಿ ಓದಿ ಹೇಳಿ ಬಾಯಿಪಾಠ ಮಾಡಿಸಿದೆ. ಆಗ ನಾನು ಏಳನೇ ಕ್ಲಾಸು. ನಾಟಕದ ದಿನ ಅವರು ಗದೆ ಎತ್ತಿದಾಗ ನಮ್ಮ ಮಾವ ರಂಗಕ್ಕೆ ಹತ್ತಿ ನೋಟಿನ ಹಾರ ಹಾಕಿದರು, ಆಟ ಅಲ್ಲೇ ಎರಡು ನಿಮಿಷ ನಿಂತಿತು, ಯಾರಿಗೂ ಬೇಜಾರಿಲ್ಲ. ಪಟ್ಟಣದ ಆಡಿಷನ್‌ನಲ್ಲಿ ನಮ್ಮಪ್ಪನಿಗೆ ಒಂದು ಸಾಲು ಹೇಳಲೂ ಬಿಡುತ್ತಿರಲಿಲ್ಲ. ಅಲ್ಲಿ ಅವರು ಒಂದು ರಾತ್ರಿ ಭೀಮನಾಗಿದ್ದರು.

ಮೂರನೇ ಸಾಲು
ಇದು ನನಗೆ ಹೊಳೆದಿರಲಿಲ್ಲ. ಹೇಳಿದ್ದಕ್ಕೆ ಥ್ಯಾಂಕ್ಸ್.

ಕಡಲ ತಡಿ
ಹಾಸ್ಯ ಕಲಿಯಬೇಕಾದರೆ ಯಕ್ಷಗಾನದ ಹಾಸ್ಯಗಾರರನ್ನು ನೋಡಿ ಮಾರಾಯ್ರೇ. ಹಾಡುತ್ತಾ ನಗಿಸುವುದು ಅವರಿಗೆ ನೀರು ಕುಡಿದ ಹಾಗೆ.

ಸಂಜೆ ಏಳೂವರೆ
ಯಕ್ಷಗಾನದಲ್ಲಿ ಹಾಡುವುದು ಭಾಗವತರು ಅಲ್ವಾ? ಪಾತ್ರಧಾರಿ ಕುಣಿದು ಅರ್ಥ ಹೇಳುತ್ತಾರೆ.

ಕಡಲ ತಡಿ
ಹೌದು, ಬರೆಯುವ ಭರದಲ್ಲಿ ತಪ್ಪಾಯಿತು. ನಾನು ಹೇಳಲು ಬಂದದ್ದು ಕಿವಿಯ ಬಗ್ಗೆ. ಹಾಸ್ಯಗಾರರ ಕಿವಿ ಪೂರ್ತಿ ಭಾಗವತರ ಮೇಲೆ ಇರುತ್ತದೆ. ಮಾತು ಬರೆದು ಕೊಟ್ಟಿರುವುದಿಲ್ಲ, ಎದುರಿನವರು ಏನು ಹೇಳಿದರೋ ಅದರ ಬಾಲ ಹಿಡಿದೇ ಮುಂದಿನ ಮಾತು ಹುಟ್ಟಬೇಕು. ದೃಶ್ಯ ಓದಿಸುವಾಗ ಮಲ್ಲೇಶ್ವರದ ಅಕ್ಕ ಹಾಳೆ ಮಾತ್ರ ನೋಡಬಾರದು. ಎದುರಿನವರನ್ನು ಕೇಳಿ, ನೋಡಿ, ಆಮೇಲೆ ಉತ್ತರ ಕೊಡಿ.

ಒಂದು ಪ್ರಶ್ನೆ ನನ್ನದೂ ಇದೆ. ನಮ್ಮ ಮನೆಮಾತು ತುಳು. ನನ್ನ ಕನ್ನಡದಲ್ಲಿ ಮಂಗಳೂರು ಧಾಟಿ ಗೊತ್ತಾಗುತ್ತದೆ. ಬೆಂಗಳೂರಿನ ತಂಡಗಳಲ್ಲಿ ಅದಕ್ಕೆ ತಕರಾರು ಉಂಟಾ?

ಪರದೆ ಹಿಂದೆ
ತಕರಾರಿಲ್ಲ. ಆದರೆ ಎಲ್ಲ ಪಾತ್ರಕ್ಕೂ "ಮಾರಾಯ್ರೇ" ಸೇರಿಸಿ ಮಂಗಳೂರಿನವರನ್ನೇ ಹಾಸ್ಯಕ್ಕೆ ಇಡುವ ಅಭ್ಯಾಸ ಕೆಲವರಿಗಿದೆ, ಅದಕ್ಕೆ ಒಪ್ಪಬೇಡಿ. ಯಾವ ಊರಿನವರ ಮಾತೂ ಅದರಷ್ಟಕ್ಕೇ ಹಾಸ್ಯವಲ್ಲ.

ಮಾತು ಚಿಕಿತ್ಸಕಿ
ಗಂಟಲಿನ ಬಗ್ಗೆ ಯಾರಾದರೂ ಕಲ್ಲುಸಕ್ಕರೆ, ಜೇಷ್ಠಮಧು ಎಂದು ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ. ನುಂಗಿದ್ದು ಯಾವುದೂ ಧ್ವನಿ ತಂತುಗಳನ್ನು ಮುಟ್ಟುವುದಿಲ್ಲ. ಅದು ಅನ್ನನಾಳಕ್ಕೆ ಹೋಗುತ್ತದೆ, ತಂತುಗಳು ಇರುವುದು ಶ್ವಾಸನಾಳದ ಬಾಯಲ್ಲಿ. ಕುಡಿದ ನೀರು ಮೈಯೆಲ್ಲ ಸೇರಿ ಅಲ್ಲಿಗೆ ತಲುಪಲು ಹೊತ್ತು ಬೇಕು. ಹಾಗಾಗಿ ಒಳಗೆ ಹೋಗುವ ಮೊದಲು ಗಟಗಟ ಕುಡಿದು ಪ್ರಯೋಜನವಿಲ್ಲ, ಶನಿವಾರದಿಂದಲೇ ಚೆನ್ನಾಗಿ ನೀರು ಕುಡಿಯಿರಿ. ಪದೇ ಪದೇ ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳಬೇಡಿ. ಶನಿವಾರ ಮನೆಯಲ್ಲಿ ಮಗಳನ್ನು ಜೋರಾಗಿ ಕೂಗಬೇಡಿ. ಬೆಳಿಗ್ಗೆ ತುಟಿ ಮುಚ್ಚಿ ಹತ್ತು ನಿಮಿಷ ಗುನುಗಿ.

ಹನುಮಂತನಗರ ಹುಡುಗ
ನಮ್ಮ ಅಜ್ಜಿ ಮೆಣಸಿನ ಕಷಾಯ ಕೊಡುತ್ತಿದ್ದರು, ದನಿ ಬಿಡುತ್ತಿತ್ತು.

ಮಾತು ಚಿಕಿತ್ಸಕಿ
ಬಿಸಿ ಹಬೆ ಮೂಗು, ಗಂಟಲಿಗೆ ಹಿತ ಕೊಡುತ್ತದೆ. ಕುಡಿಯಿರಿ, ಬೇಡ ಅನ್ನುವುದಿಲ್ಲ.

ಸಂಜೆ ಏಳೂವರೆ
ಬಟ್ಟೆ ಬಗ್ಗೆ: ಸೀರೆ ಬೇಡ, ಹೆಜ್ಜೆ ಹಾಕಿಸುತ್ತಾರೆ. ಚೂಡಿದಾರ ಹಾಕಿ, ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಳ್ಳಿ. ಬರಿಗಾಲಲ್ಲಿ ಮಾಡಿಸುವುದೇ ಜಾಸ್ತಿ.

ಆಮೇಲೆ ಹಾಡಿನ ವಿಷಯ. ನಿಮ್ಮ ಮನೆಯಲ್ಲಿ ಬೀಗರ ಹಾಡು ಹೇಳುವವರು ಇಲ್ಲವಾ? ಮದುವೆಯಲ್ಲಿ ಬೀಗಿತ್ತಿಯನ್ನು ಛೇಡಿಸುವ ಹಾಡು. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಮುಖಕ್ಕೆ ಮುಖ ಕೊಟ್ಟು ನಗುನಗುತ್ತಾ ಬೈಯುವುದು. ಇದಕ್ಕಿಂತ ಒಳ್ಳೆಯ ಆಡಿಷನ್ ಹಾಡು ಎಲ್ಲಿ ಸಿಗುತ್ತದೆ? ಮೂಲ ಗಾಯಕಿಯ ಜೊತೆ ಹೋಲಿಸಲು ಯಾರಿಗೂ ಆಗುವುದಿಲ್ಲ.

ಮಲ್ಲೇಶ್ವರದವಳು
ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ! ತಿಪಟೂರಿನಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ, 78 ವರ್ಷ. ನನ್ನ ಮದುವೆಯಲ್ಲಿ ನಮ್ಮ ಅತ್ತೆಯವರ ಮೇಲೆ ಹಾಡಿ ಇಡೀ ಚಪ್ಪರ ನಗಿಸಿದ್ದರು. ಈಗಲೇ ಫೋನ್ ಮಾಡುತ್ತೇನೆ.

ಪೇಟಿ ಮಾಸ್ತರ
ಭೇಷ್. ಆ ಹಾಡುಗಳು ನಾಲ್ಕೈದು ಸ್ವರದಲ್ಲೇ ಓಡಾಡುತ್ತವೆ, ಯಾವ ಶ್ರುತಿಗೆ ಇಟ್ಟರೂ ನಡೆಯುತ್ತದೆ. ನಿಮ್ಮ ಜೂನಿಯರ್ ಪರೀಕ್ಷೆಯ ಗಮಕ ಅದಕ್ಕೆ ತುರುಕಬೇಡಿ. ದೊಡ್ಡಮ್ಮ ಹೇಗೆ ಹೇಳುತ್ತಾರೋ ಹಾಗೇ.

ಇನ್ನೊಂದು. ಹಾಡಿನ ಮಧ್ಯೆ ಜನ ನಕ್ಕರೆ ಏನು ಮಾಡಬೇಕು ಎನ್ನುವುದು ಹೊಸಬರಿಗೆ ಗೊತ್ತಿರುವುದಿಲ್ಲ. ಬರೀ ಮಾತಾದರೆ ನಗು ಇಳಿಯುವವರೆಗೆ ಕಾಯಬಹುದು. ಹಾಡಿನಲ್ಲಿ ತಾಳ ಓಡುತ್ತಿರುತ್ತದೆ. ನಗುವಿನ ಮೇಲೆ ಮುಂದಿನ ಸಾಲು ಹಾಡಿದರೆ ಆ ಸಾಲು ಸತ್ತ ಹಾಗೆ. ಅದಕ್ಕೇ ಪೇಟಿ, ತಬಲಾದವರು ಒಂದು ಆವರ್ತವನ್ನು ಸುತ್ತುತ್ತಾ ಇರುತ್ತೇವೆ. ನಗು ಇಳಿಯುತ್ತಾ ಬಂದಾಗ ತಬಲಾದವನು ಒಂದು ಮುಕ್ತಾಯ ಕೊಡುತ್ತಾನೆ, ಅದರ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ನೀವು ಎತ್ತಿಕೊಳ್ಳಬೇಕು. ಪೂರ್ತಿ ನಿಲ್ಲುವವರೆಗೆ ಕಾಯಬಾರದು, ಬಿಸಿ ಆರಿಹೋಗುತ್ತದೆ. ಭಾನುವಾರ ಯಾರಾದರೂ ನಕ್ಕರೆ ಪೇಟಿಯವರ ಕಡೆ ಒಂದು ಸಲ ನೋಡಿ, ಅವರೇ ದಾರಿ ಮಾಡಿಕೊಡುತ್ತಾರೆ.

ಹೊಸಬ
ಇದನ್ನು ನಾನು ಬರೆದಿಟ್ಟುಕೊಂಡೆ.

ಮಲ್ಲೇಶ್ವರದವಳು
ಶನಿವಾರ ರಾತ್ರಿ. ದೊಡ್ಡಮ್ಮ ಫೋನಿನಲ್ಲೇ ಮೂರು ಹಾಡು ಹೇಳಿಕೊಟ್ಟರು. ಎರಡನೆಯದನ್ನು ಆರಿಸಿಕೊಂಡೆ, ಬೀಗಿತ್ತಿ ಹೋಳಿಗೆ ತಿನ್ನುವ ಹಾಡು. 4 ಮನೆಗೆ ಸರಿಯಾಗಿ ಕೂರುತ್ತಿದೆ. ಹಾಸ್ಯದ ಮಾತಿಗೆ ನಮ್ಮ ಬ್ಯಾಂಕಿಗೆ ಪ್ರತಿ ತಿಂಗಳು ಬಂದು ಪಾಸ್‌ಬುಕ್ ಪ್ರಿಂಟ್ ಹಾಕಿಸಿ, ಪ್ರತಿ ಸಾಲಿಗೂ ಲೆಕ್ಕ ಕೇಳುವ ಒಬ್ಬ ಅಜ್ಜಿಯನ್ನು ಮಾಡುತ್ತಿದ್ದೇನೆ. ಅವರೆಂದರೆ ನನಗೆ ತುಂಬಾ ಪ್ರೀತಿ, ಗೇಲಿ ಆಗದ ಹಾಗೆ ಬರೆದುಕೊಂಡಿದ್ದೇನೆ. ಫೋನ್ ಮಾಡಿ ಕೇಳಿದೆ, ನಾಯಕ ನಾಯಕಿ ಪಾತ್ರ ಆಗಿಹೋಗಿದೆಯಂತೆ, ಉಳಿದ 11 ಪಾತ್ರ ಮತ್ತು ಮೇಳ ಖಾಲಿ ಇದೆ. ತಾಲೀಮು ಸಂಜೆ 6:30ರಿಂದ 9. ನಮ್ಮ ಮನೆಯವರು ಅಷ್ಟು ಹೊತ್ತು ಮಗಳನ್ನು ನೋಡಿಕೊಳ್ಳುತ್ತೇನೆ ಎಂದಿದ್ದಾರೆ.

ಸಕ್ಕರೆ ನಾಡು
ಒಳ್ಳೇದಾಗಲಿ ಅಕ್ಕ.

ಕಡಲ ತಡಿ
ಆಡಿಷನ್ ಮುಗಿಸಿ ರಂಗಶಂಕರ ನಾಟಕಮಂದಿರಕ್ಕೆ ಹೋಗಿ ಸಾಬುದಾನಿ ವಡೆ ತಿನ್ನಿ.

ಹನುಮಂತನಗರ ಹುಡುಗ
ಮಲ್ಲೇಶ್ವರದಿಂದ ಜೆ.ಪಿ. ನಗರಕ್ಕೆ ವಡೆಗೆ ಯಾರು ಹೋಗುತ್ತಾರೆ! ಸಂಜೆ ನಾಟಕ ಇದ್ದರೆ ಸರಿ. ಆದರೆ ತಡವಾಗಿ ಹೋಗಬೇಡಿ, ಶುರುವಾದ ಮೇಲೆ ಅಲ್ಲಿ ಒಳಗೆ ಬಿಡುವುದಿಲ್ಲ.

ಮಲ್ಲೇಶ್ವರದವಳು
ಮುಗಿಯಿತು. ಆದ ಹಾಗೆ ಬರೆಯುತ್ತೇನೆ.

ಇಪ್ಪತ್ತೆರಡು ಜನ ಬಂದಿದ್ದರು. ನನಗಿಂತ ಮೊದಲಿನವರು ಸಿನಿಮಾ ಹಾಡು ಬಹಳ ಚೆನ್ನಾಗಿ ಹಾಡಿದರು, ಕೇಳಿ ನನ್ನ ಕೈ ತಣ್ಣಗಾಯಿತು. ನನ್ನ ಸರದಿ ಬಂದಾಗ ಹಾರ್ಮೋನಿಯಂ ಅವರಿಗೆ "4 ಮನೆ ಸರ್" ಅಂದೆ, ಅವರು ತಲೆ ಎತ್ತಿ ನೋಡಿದರು. ಮೊದಲ ಸಾಲು ಗೋಡೆಗೆ ಹಾಡಿದೆ. ಆಗ ಸೊಪ್ಪಿನವಳು ನೆನಪಾದಳು. ಟೇಬಲ್ ಹಿಂದೆ ಕೂತಿದ್ದ ಹಿರಿಯ ಮೇಡಂ ಅವರನ್ನೇ ಬೀಗಿತ್ತಿ ಮಾಡಿಕೊಂಡು ಅವರ ಕಡೆ ನಡೆದುಬಿಟ್ಟೆ. ಅವರ ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು ಇತ್ತು. ಹಾಡಿನಲ್ಲಿ ಹೋಳಿಗೆ ಬರುವ ಜಾಗ ಅದು. ಎಲ್ಲರೂ ನಕ್ಕರು, ನಾನು ಪೇಟಿ ಕಡೆ ನೋಡಿದೆ, ಅವರು ನಿಜವಾಗಿಯೂ ಸುತ್ತುತ್ತಾ ಇದ್ದರು! ಒಂದು ಆವರ್ತ ತಡವಾಗಿ ಎತ್ತಿಕೊಂಡೆ, ಆದರೆ ಸಮಕ್ಕೆ ಬಿದ್ದೆ.

ಪಾಸ್‌ಬುಕ್ ಅಜ್ಜಿ ಅಷ್ಟು ಚೆನ್ನಾಗಿ ಆಗಲಿಲ್ಲ, ಅವಸರ ಮಾಡಿದೆ. ಹೆಜ್ಜೆಯಲ್ಲಿ ಎಡ ಬಲ ಎರಡು ಸಲ ತಪ್ಪಿತು. ಬುಧವಾರ ಹೇಳುತ್ತಾರಂತೆ.

ಪೇಟಿ ಮಾಸ್ತರ
ಸಮಕ್ಕೆ ಬಿದ್ದಿರಲ್ಲ. ಕಣ್ಣಲ್ಲಿ ನೀರು ಬಂತು ಅಕ್ಕಾರೇ.

ಮೂರನೇ ಸಾಲು
ನಾನು ಜಗಳ ಮಾಡುತ್ತಲೇ ಇದ್ದೆ, ಆದರೆ ನಿಮಗೆ ಸಿಗಲಿ ಎಂದು ಮನಸಾರೆ ಆಸೆ ಪಡುತ್ತಿದ್ದೇನೆ. ನಾನೂ ಮುಂದಿನ ತಿಂಗಳು ಒಂದು ಕಡೆ ಮತ್ತೆ ಹೋಗಿ ನೋಡುತ್ತೇನೆ. ಮೊದಲು ಫೋನ್ ಮಾಡಿ ಕೇಳಿಯೇ ಹೋಗುವುದು.

ಮಲ್ಲೇಶ್ವರದವಳು
ಫೋನ್ ಬಂತು! ಮೇಳದಲ್ಲಿ ಇದ್ದೇನೆ. ಅದರ ಜೊತೆಗೆ ಪಕ್ಕದ ಮನೆಯ ಜಗಳಗಂಟಿಯ ಪಾತ್ರ. ಎರಡು ದೃಶ್ಯ, ಒಂದು ಹಾಡು. ದೊಡ್ಡಮ್ಮನಿಗೆ ಹೇಳಿದೆ, "ಟಿಕೆಟ್ ಎಷ್ಟಾದರೂ ಸರಿ, ಮೊದಲನೇ ಸಾಲು ಬೇಕು" ಅಂದರು. ಸೋಮವಾರದಿಂದ ತಾಲೀಮು. ನನ್ನ ಪಾತ್ರದವಳು ಜಗಳಕ್ಕೆ ಬರುವಾಗಲೆಲ್ಲ ಊಟದ ಕ್ಯಾರಿಯರ್ ಹಿಡಿದಿರುತ್ತಾಳೆ. ಹಳೆಯ ಕಾಲದ್ದು ಬೇಕಂತೆ, ತಂಡದವರ ಹತ್ತಿರ ಇಲ್ಲ. ಯಾರ ಮನೆಯಲ್ಲಾದರೂ ಇದೆಯಾ?

ಹೊಸಬ
ನಮ್ಮ ಅಜ್ಜಿಯದು ಇದೆ. ಹಿತ್ತಾಳೆಯದು, ನಾಲ್ಕು ಡಬ್ಬಿ. ಒಂದು ಕೊಂಡಿ ಸಡಿಲ ಇದೆ, ಅಲ್ಲಾಡಿಸಿದರೆ ಚೆನ್ನಾಗಿ ಶಬ್ದ ಬರುತ್ತದೆ. ಸೋಮವಾರ 6 ಗಂಟೆಗೆ ತಂದುಕೊಡುತ್ತೇನೆ. ತಾಲೀಮು ನೋಡಲು ಸ್ವಲ್ಪ ಹೊತ್ತು ಕೂರಲು ಬಿಡುತ್ತಾರಾ, ಕೇಳಿ ಹೇಳುತ್ತೀರಾ ಅಕ್ಕ?